ಉಳಿದ ಗುಳಿಗೆಗಳು

ಹೋದ ವಾರ ಕೂಡ್ಲಿಗಿಯ ಮೆಡಿಕಲ್ ಶಾಪಿನಲ್ಲಿ, ಹೊಟ್ಟೆಯುರಿಗೆ ಕೊಡುವ ಗುಲಾಬಿ ಬಣ್ಣದ ಔಷಧಿಯ ಬಾಟಲಿಯೊಂದು ಕೈಜಾರಿ ಒಡೆಯಿತು. ಪುದೀನದಂಥ ಆ ವಾಸನೆ ಮೂಗಿಗೆ ಬಡಿದದ್ದೇ ಕೊಟ್ಟೂರಿನ ಹಮಾಲಿ ಅಣ್ಣ ನೆನಪಾದರು…

ನಾನಾಗ ಹೊಸದಾಗಿ ಮೇಷ್ಟ್ರ ಕೆಲಸಕ್ಕೆ ಸೇರಿದ್ದೆ. ಸಣ್ಣ ಕರುಳಿನ ಮೊದಲಲ್ಲೇ ಹುಣ್ಣಾಗಿತ್ತು. ಹಸಿದರೆ ಸಾಕು, ಹೊಟ್ಟೆಯಲ್ಲಿ ಕೆಂಡ ಇಟ್ಟಂತಾಗುತ್ತಿತ್ತು. ಆ ಗುಲಾಬಿ ಔಷಧಿ ಕುಡಿದೇ ದಿನ ದೂಡುತ್ತಿದ್ದೆ. ಕೊಟ್ಟೂರಿನಲ್ಲಿ ಮೂಟೆ ಹೊರುತ್ತಿದ್ದ ಅವರಿಗೂ ಅದೇ ಕಾಯಿಲೆ. ಪರಿಚಯವಾದದ್ದು ದೊಡ್ಡಾಸ್ಪತ್ರೆಯ ಬೆಂಚಿನ ಮೇಲೆ. ಎರಡು ಬಗೆಯ ಗುಳಿಗೆಗಳಲ್ಲಿ ಯಾವುದು ಹುಣ್ಣನ್ನು ಚೆನ್ನಾಗಿ ಮಾಯಿಸುತ್ತದೆ ಎಂದು ಅಲ್ಲಿ ಹೋಲಿಸಿ ನೋಡುತ್ತಿದ್ದರು. ನಾವಿಬ್ಬರೂ ಒಪ್ಪಿ ಸೇರಿದೆವು. ಚೀಟಿ ಎತ್ತಿದಾಗ ಅವರಿಗೊಂದು ಬಗೆ ಬಂತು, ನನಗೊಂದು. ನಾಲ್ಕು ವಾರ ನುಂಗಬೇಕು, ಆಮೇಲೆ ಬಾಯೊಳಗಿಂದ ಪೈಪು ಇಳಿಸಿ ಹುಣ್ಣು ನೋಡುತ್ತಾರೆ.

ಹತ್ತೇ ದಿನಕ್ಕೆ ನನ್ನ ನೋವು ಹೋಯಿತು. ಗುಳಿಗೆ ಬಿಟ್ಟುಬಿಟ್ಟೆ. ಮತ್ತೆ ಅದೇ ಬೆಂಚಿನ ಮೇಲೆ ಕೂತ ದಿನ, ಉಳಿದವು ನನ್ನ ಜೇಬಿನಲ್ಲಿದ್ದವು. ಎಲ್ಲ ನುಂಗಿದೆ ಅಂತಲೇ ಡಾಕ್ಟರಮ್ಮನಿಗೆ ಹೇಳುವವನಿದ್ದೆ. ಅದನ್ನು ಪಕ್ಕದಲ್ಲಿದ್ದ ಅಣ್ಣನ ಕಿವಿಯಲ್ಲಿ ಹೇಳಿದೆ, ನಗುತ್ತಾರೆ ಅಂದುಕೊಂಡು.

ನಗಲಿಲ್ಲ. "ಹಂಗ ಮಾಡಬ್ಯಾಡ್ರಿ ಮೇಷ್ಟ್ರ. ನಿಮ್ಮ ಹುಣ್ಣು ಮಾಯದಿದ್ರ ಗುಳಿಗಿನ ಸರಿ ಇಲ್ಲ ಅಂತ ಬರ್ಕೊಂತಾರ. ಅದನ್ನ ನಂಬಿ ನಾಳಿ ಇನ್ನೊಬ್ರಿಗೆ ಔಷಧ ಕೊಡ್ತಾರ."

ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದ್ದ ಮನುಷ್ಯ. ಓದಿಕೊಂಡಿದ್ದ ನನಗೆ ಆ ಮಾತು ಹೊಳೆದಿರಲಿಲ್ಲ.

"ಡಾಕ್ಟರಮ್ಮ ಬೈತಾರಣ್ಣ" ಅಂದೆ.

"ಬೈಲಿ ಬಿಡ್ರಿ. ನಾನೂ ಬರ್ತೀನಿ, ನಡ್ರಿ."

ಬಾಗಿಲವರೆಗೂ ಬಂದು ನಿಂತರು. ಗುಳಿಗೆಗಳನ್ನು ಮೇಜಿನ ಮೇಲಿಟ್ಟು ನಿಜ ಹೇಳಿದೆ. ಡಾಕ್ಟರಮ್ಮ ಬೈಯಲಿಲ್ಲ, ಎಣಿಸಿ ಬರೆದುಕೊಂಡರು. ಪರೀಕ್ಷೆಯಲ್ಲಿ ಅಣ್ಣನ ಹುಣ್ಣು ಪೂರ್ತಿ ಮಾಯ್ದಿತ್ತು. ನನ್ನದು, ನೋವಿಲ್ಲದಿದ್ದರೂ, ಹಾಗೇ ಇತ್ತು. ಹುಣ್ಣಿಗೆ ಕಾರಣವಾದ ರೋಗಾಣು ಸಾಯಲೆಂದು ಇಬ್ಬರಿಗೂ ಬೇರೆ ಔಷಧಿ ಕೊಟ್ಟರು. ಈ ಸಲ ನಾನು ಒಂದು ಹೊತ್ತೂ ತಪ್ಪಿಸಲಿಲ್ಲ. ವಾಸಿಯಾಯಿತು. ಆಮೇಲೆ ಒಂದೆರಡು ಸಲ ಬಸ್ ಸ್ಟ್ಯಾಂಡಿನಲ್ಲಿ ಅಣ್ಣ ಸಿಕ್ಕಿದ್ದರು. ನನಗೆ ಬೇರೆ ಊರಿಗೆ ವರ್ಗವಾಯಿತು, ಮತ್ತೆ ಕಾಣಲಿಲ್ಲ…

ಮೊನ್ನೆ ಭಾನುವಾರ ಕೊಟ್ಟೂರಿಗೆ ಹೋಗಿ, ಕೇಳುತ್ತಾ ಕೇಳುತ್ತಾ ಅವರ ಮನೆ ಹುಡುಕಿದೆ. ಮಗಳು ಕೂರಿಸಿ ನೀರು ಕೊಟ್ಟಳು. ಅವರು ತೀರಿಕೊಂಡು ಎರಡು ವರ್ಷವಾಗಿತ್ತು, ಎದೆನೋವಿನಿಂದ.

"ಹೊಟ್ಟಿ ನೋವು ಮಾತ್ರ ಅಪ್ಪಗ ಮತ್ತ ಬರ್ಲಿಲ್ರಿ" ಅಂದಳು.

ನನಗೂ ಬರಲಿಲ್ಲ. ಅದನ್ನು ಹೇಳಬೇಕಿದ್ದದ್ದು ಅವರಿಗೆ.