ಚಾಡಿ ಹೇಳುವ ಪಟ್ಟಿ

ನೋವು ಅಂತ ಬಾಯಿಬಿಟ್ಟು ಹೇಳುವುದು ನನಗೆ ಯಾವತ್ತೂ ಬರಲಿಲ್ಲ. ನಿಮ್ಮ ತಾತ ಬದುಕಿದ್ದಾಗಲೂ ತಲೆ ಸಿಡಿಯುತ್ತಿದ್ದರೆ ಹಣೆಗೆ ಬಟ್ಟೆ ಬಿಗಿದುಕೊಂಡು ಮುದ್ದೆ ತಿರುವಿದವಳು ನಾನು. ಸಕ್ಕರೆ ಕಾಯಿಲೆಯಿಂದ ಬಲಗಾಲಿನ ಹೆಬ್ಬೆರಳ ಕೆಳಗೆ ಹುಣ್ಣಾದಾಗಲೂ ಅಷ್ಟೆ. ಅರಿಶಿನ ಮೆತ್ತಿ, ಸೀರೆಯ ಅಂಚು ಇಳಿಬಿಟ್ಟುಕೊಂಡು ಮೂರು ತಿಂಗಳು ಓಡಾಡಿದೆ. ನಿಮ್ಮ ಅಮ್ಮನಿಗೆ ಅದು ತಿಳಿದದ್ದು ನೆಲದ ಮೇಲೆ ಬಿದ್ದ ಕಲೆಯಿಂದ.

ನೆಲಮಂಗಲದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನ ಸಂಕೋಚ ಕಂಡು ನಿಮ್ಮ ಅಮ್ಮನ ಕಡೆ ತಿರುಗಿ ಹೇಳಿದರು: ಹುಣ್ಣು ಮಾಯದಿದ್ದರೆ ಬೆರಳು ತೆಗೆಯಬೇಕಾಗುತ್ತದೆ. ಹುಣ್ಣಿಗೆ ಕಟ್ಟುವ ಹೊಸ ಥರದ ಪಟ್ಟಿಯೊಂದು ಪರೀಕ್ಷೆಗೆ ಬಂದಿದೆ, ಒಪ್ಪಿದರೆ ಹಾಕುತ್ತೇವೆ.

ಪಟ್ಟಿ ದೋಸೆಯಷ್ಟು ತೆಳ್ಳಗಿತ್ತು. ಮೇಲೆ ಅಂಗಿಯ ಗುಂಡಿಯಷ್ಟು ಒಂದು ಯಂತ್ರ. ಹುಣ್ಣಿನ ಬಿಸಿ ಎಷ್ಟು, ತೇವ ಎಷ್ಟು ಅಂತ ಅದು ನಿಮ್ಮ ಅಮ್ಮನ ಫೋನಿಗೆ ಹೇಳುತ್ತದೆ, ಫೋನು ಆಸ್ಪತ್ರೆಯ ನರ್ಸಮ್ಮನಿಗೆ ಹೇಳುತ್ತದೆ. ನನಗೆ ಸಮಾಧಾನವಾಯಿತು. ಬಾಯಿ ತೆರೆಯುವ ಕೆಲಸವೇ ಇಲ್ಲವಲ್ಲ!

ಕಾಲು ಒದ್ದೆಯಾಗಬಾರದು, ಹೆಚ್ಚು ನಡೆಯಬಾರದು ಎಂದಿದ್ದರು. ಒಂದು ವಾರ ತಡೆದೆ. ಒಂದು ಬೆಳಿಗ್ಗೆ ನಿಮ್ಮ ಅಮ್ಮ ಡೇರಿಗೆ ಹಾಲು ಹಾಕಲು ಹೋದಾಗ ಕೊಟ್ಟಿಗೆ ನೋಡಿ ಸಹಿಸಲಾಗಲಿಲ್ಲ. ಕಾಲಿಗೆ ಪ್ಲಾಸ್ಟಿಕ್ ಕವರ್ ಬಿಗಿದು ಕಟ್ಟಿಕೊಂಡು ಸಗಣಿಯೆಲ್ಲ ಬಾಚಿದೆ. ಕವರನ್ನು ತಿಪ್ಪೆಗೆ ಎಸೆದು, ಏನೂ ಅರಿಯದವಳಂತೆ ಜಗಲಿಯ ಮೇಲೆ ಕುಳಿತೆ.

ಊಟದ ಹೊತ್ತಿಗೆ ನರ್ಸಮ್ಮನ ಫೋನು ಬಂತು.

"ಅಜ್ಜಿ, ಪಟ್ಟಿ ಒಳಗೆ ತೇವ ಏರಿಬಿಟ್ಟಿದೆ. ಏನ್ ಮಾಡಿದ್ರಿ?"

"ಏನೂ ಇಲ್ಲ ಕಣವ್ವ. ಜಗಲಿ ಮೇಲೆ ಕೂತಿದ್ದೆ."

"ಕೂತವರ ಕಾಲು ಹಿಂಗೆ ಬೆವತು ಬೇಯಲ್ಲ ಅಜ್ಜಿ."

ನಿಮ್ಮ ಅಮ್ಮ ಫೋನು ಕಿತ್ತುಕೊಂಡಳು. "ಸಿಸ್ಟರ್, ಕೊಟ್ಟಿಗೆ ಕನ್ನಡಿ ಥರ ಹೊಳೀತಿದೆ! ಯಾರು ಬಾಚಿದ್ದು ಅಂತ ಈಗ ಗೊತ್ತಾಯ್ತು." ಆಮೇಲೆ ನನ್ನ ಕಡೆ ತಿರುಗಿ, "ಅತ್ತೆ, ನೀವು ಬಾಯಿ ಬಿಡದಿದ್ರೂ ನಿಮ್ಮ ಕಾಲೇ ಚಾಡಿ ಹೇಳುತ್ತೆ" ಎಂದು ನಕ್ಕಳು. ನಗುತ್ತಿದ್ದರೂ ಅವಳ ಕಣ್ಣು ತುಂಬಿತ್ತು. ಆ ದಿನವೇ ಕರೆದುಕೊಂಡು ಹೋಗಿ ಪಟ್ಟಿ ಬದಲಾಯಿಸಿದಳು. ಮತ್ತೆ ನಾನು ಕೊಟ್ಟಿಗೆಯ ಕಡೆ ತಲೆ ಹಾಕಲಿಲ್ಲ.

ನಿಮಗೂ ನೆನಪಿರಬೇಕು. ಸ್ಕೂಲಿನಿಂದ ಬಂದವರೇ ಫೋನು ನೋಡಿ, "ಅಜ್ಜಿ ಇವತ್ತು ಹಸಿರು!" ಎಂದು ಕೂಗುತ್ತಿದ್ದಿರಿ. ಹಸಿರು ಅಂದರೆ ಒಳ್ಳೆಯದು.

ಅವರೆಕಾಯಿ ಬರುವ ಹೊತ್ತಿಗೆ ಹುಣ್ಣು ಮುಚ್ಚಿತು. ಬೆರಳು ಉಳಿಯಿತು. ಆಸ್ಪತ್ರೆಯಲ್ಲಿ ನರ್ಸಮ್ಮ ಪಟ್ಟಿ ತೆಗೆದು, "ಇನ್ನು ಬೇಡ ಅಜ್ಜಿ" ಎಂದರು. ಎದ್ದು ಬಾಗಿಲ ತನಕ ಹೋದವಳು ನಿಂತುಬಿಟ್ಟೆ. ಹೊಸ ಚಪ್ಪಲಿ ಉಜ್ಜಿ ಎರಡು ದಿನದಿಂದ ಎಡಗಾಲಿನ ಹಿಮ್ಮಡಿ ಕೆಂಪಾಗಿತ್ತು. ಆ ಕಾಲಿನ ಚಾಡಿ ಹೇಳುವುದಕ್ಕೆ ಯಾರೂ ಇರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾದರೂ ನರ್ಸಮ್ಮನ ಕಡೆ ತಿರುಗಿ ಸೀರೆಯನ್ನು ಒಂದು ಗೇಣು ಎತ್ತಿ ಹಿಡಿದೆ.

"ನೋಡವ್ವ, ಇಲ್ಲೂ ಒಂಚೂರು ಕೆಂಪಾಗಿದೆ."

ನಿಮ್ಮ ಅಮ್ಮ ಕೈಯಲ್ಲಿದ್ದ ಚೀಲ ಕೆಳಗಿಟ್ಟು, ನನ್ನನ್ನೇ ನೋಡುತ್ತಾ ಮತ್ತೆ ಬೆಂಚಿನ ಮೇಲೆ ಕುಳಿತಳು.