ದೇವರ ಹೆಸರಿನ ಕಂಪ್ಯೂಟರು

ನಮ್ಮ ಮನೆಯ ಕಂಪ್ಯೂಟರಿಗೆ ಯಜಮಾನ ಯಾರು ಗೊತ್ತಾ? ನನ್ನ ಗಂಡ ಅಲ್ಲ. ಸಾಕ್ಷಾತ್ ವೆಂಕಟರಮಣ.

ನಗಬೇಡಿ. ನಮ್ಮ ಕಡೆ ಬೋಟಿಗೆ ದೇವರ ಹೆಸರು, ಅಂಗಡಿಗೆ ದೇವರ ಹೆಸರು. ಹೋದ ವರ್ಷ ಕಂಪ್ಯೂಟರ್ ಕೂರಿಸಲು ಬಂದವನು "ಮೊದಲನೇ ಹೆಸರು ಯಾರದ್ದು ಹಾಕ್ಲಿ?" ಎಂದು ಕೇಳಿದಾಗ ನಮ್ಮ ಅತ್ತೆ ದೇವರ ಕೋಣೆಯಿಂದಲೇ ಉತ್ತರ ಕೊಟ್ಟಿದ್ದರು. ಅವನು ಹಾಗೇ ಬರೆದ. ಗಂಡನದು, ನನ್ನದು ಆಮೇಲೆ. (ದೇವರ ಹೆಸರಿನ ಪಕ್ಕ ಬಾತುಕೋಳಿಯ ಚಿತ್ರ ಬಂದಿತ್ತು. ಅತ್ತೆ ಅದನ್ನು ತೆಗೆಸಿ ಹೂವು ಹಾಕಿಸಿದರು.) ಬೆಳಿಗ್ಗೆ ಕಂಪ್ಯೂಟರ್ ಹಾಕಿದಾಗ ಮೂರೂ ಹೆಸರು ಕಾಣುತ್ತವೆ. ನಾವು ನಮ್ಮ ನಮ್ಮ ಹೆಸರು ಒತ್ತಿ ಒಳಗೆ ಹೋಗುತ್ತೇವೆ. ದೇವರದ್ದನ್ನು ಒತ್ತಿದವರಿಲ್ಲ. ಯಾರು ಒತ್ತುತ್ತಾರೆ?

ಕಳೆದ ಸೋಮವಾರ ಬೇಲೆಕೇರಿಯ ದಾಮಣ್ಣ ಬಂದ. ನನ್ನ ಗಂಡನ ಶಾಲೆಯ ದೋಸ್ತ, ಸ್ವಂತ ಬೋಟಿದೆ. ಮಳೆಗಾಲದಲ್ಲಿ ಬೋಟು ಮೀನಿಗೆ ಹೋಗುವಂತಿಲ್ಲ, ಹಾಗಾಗಿ ಕೈಯಲ್ಲಿ ಮೀನಿರಲಿಲ್ಲ, ಜಿಪಿಎಸ್ ಇತ್ತು. ಮೊಬೈಲಿಗಿಂತ ಸ್ವಲ್ಪ ದಪ್ಪ, ಸಮುದ್ರದಲ್ಲಿ ದಾರಿ ತೋರಿಸುವ ಮಶಿನ್ನು. ಸ್ಕ್ರೀನು ಅರ್ಧ ಕಪ್ಪಾಗಿತ್ತು.

"ವೈನಿ, ಸಂಜೆ ಒಳ್ಗೆ ಅಂಗಡಿಗೆ ಕೊಟ್ರೆ ನಾಳೆ ಬೆಳಿಗ್ಗೆ ರಿಪೇರಿ ಮಾಡಿ ಕೊಡ್ತ್ರಂತೆ. ಆದ್ರೆ ಒಳ್ಗೆ ಇದ್ದದ್ದೆಲ್ಲ ಅಳಿಸಿ ಹೋತದಂತೆ. ಅದ್ಕೂ ಮೊದ್ಲು ಕಂಪ್ಯೂಟರಿಗೆ ಹಾಕೂಕೆ ಆತದಾ ನೋಡಿ."

ಒಳಗಿದ್ದದ್ದು ಏನು? ನೀರಿನಡಿಯ ಬಂಡೆಗಳ ಗುರುತು. ಎಲ್ಲಿ ಬಲೆ ಸಿಕ್ಕಿ ಹರಿಯುತ್ತದೆ, ಯಾವ ಬಂಡೆಯ ಸುತ್ತ ಮೀನು ಸೇರುತ್ತದೆ, ಎಲ್ಲವೂ. ಒಂದೊಂದು ಬಂಡೆ ಗೊತ್ತಾಗಲಿಕ್ಕೆ ಒಂದೊಂದು ಬಲೆ ಹರಿದಿದೆಯಂತೆ. ಮರುದಿನ ಮಳೆಗಾಲದ ಬಂದಿ ಮುಗಿದು ಬೋಟುಗಳು ಹೊರಡುವ ದಿನ. ಈ ಗುರುತುಗಳಿಲ್ಲದೆ ಹೋದರೆ ದಾಮಣ್ಣ ಸಮುದ್ರದಲ್ಲಿ ಹೊಸಬ.

ಗಂಡ ಡ್ಯೂಟಿಯಲ್ಲಿದ್ದರು. ನಾನೇ ಕೂತೆ. ನನ್ನ ಹೆಸರಿನಲ್ಲಿ ಒಳಗೆ ಹೋಗಿ, ವೈರ್ ಚುಚ್ಚಿ, ಅವನು ತಂದ ಸಿಡಿ ಹಾಕಿದೆ. ನಿಮಗೆ ಪರ್ಮಿಷನ್ ಇಲ್ಲ ಎಂದಿತು. ವೈರ್ ತೆಗೆದು ಮತ್ತೆ ಚುಚ್ಚಿದೆ. ಇಲ್ಲ. ಬಂದ್ ಮಾಡಿ ಶುರು ಮಾಡಿದೆ. ಇಲ್ಲ. ಗಂಡನಿಗೆ ಫೋನ್ ಮಾಡಿದೆ.

"ನನ್ನ ಹೆಸ್ರಲ್ಲೂ ಆಗೂದಿಲ್ಲ. ಹೊಸಾದ್ ಎಂತ ಹಾಕೂಕೂ ಮೊದಲ್ನೇ ಹೆಸರೇ ಬೇಕು" ಎಂದರು.

ಅಂದರೆ ದೇವರದ್ದು. ಅತ್ತೆಯ ಕಡೆ ನೋಡಿದೆ.

"ಅಲ್ಲಾ ಸುಮಾ, ಅವ್ನ ಜಾಗದಲ್ಲಿ ನಾವು ಹೋಗಿ ಕೂತ್ಕೊಳ್ಳೂದಾ? ಕೇಳ್ದೆ?"

"ಕೇಳಿಯೇ ಹೋಗುವಾ" ಎಂದೆ. ನನಗೂ ಒಳಗೊಳಗೇ ಹೆದರಿಕೆ ಇತ್ತು, ಸುಳ್ಳು ಯಾಕೆ ಹೇಳಲಿ?

ಅತ್ತೆ ಕೈಕಾಲು ತೊಳೆದು ದೀಪ ಹಚ್ಚಿದರು. ದೇವರ ಫೋಟೋದ ಎಡಕ್ಕೊಂದು, ಬಲಕ್ಕೊಂದು ಒದ್ದೆ ಎಸಳು ಅಂಟಿಸಿದರು. ಬಲಗಡೆಯದ್ದು ಮೊದಲು ಬಿದ್ದರೆ ಒಪ್ಪಿಗೆ. ದೇವಸ್ಥಾನದಲ್ಲಿ ಮದುವೆಗೂ ಮನೆ ಕಟ್ಟುವುದಕ್ಕೂ ಹೀಗೆ ಪ್ರಸಾದ ಕೇಳುವುದು ನೋಡಿದ್ದೇನೆ. ಸಿಡಿ ಹಾಕಲಿಕ್ಕೆ ಕೇಳಿದ್ದು ಇದೇ ಮೊದಲು.

ಎಸಳು ಬೀಳಲೊಲ್ಲದು. ದಾಮಣ್ಣ ಬಾಗಿಲಲ್ಲಿ ನಿಂತು ಗೋಡೆಯ ಗಡಿಯಾರ ನೋಡುತ್ತಿದ್ದ.

"ಅಮ್ಮಾ, ಫ್ಯಾನ್ ಹಾಕಿದ್ರೆ ಬೇಗ ಬೀಳ್ತದೆ."

"ಹಾಕು. ಎಡದ್ದು ಬಿದ್ರೆ ನಿನ್ನ ಮಶಿನ್ನು ತಕಂಡು ಹಾಗೇ ಮನಿಗೆ ಹೋಗು."

ದಾಮಣ್ಣ ಫ್ಯಾನಿನ ಸ್ವಿಚ್ಚಿನಿಂದ ದೂರ ಸರಿದು ನಿಂತ.

ಬಲದ್ದೇ ಬಿತ್ತು. ನಾನು ಕೈ ಮುಗಿದು ವೆಂಕಟರಮಣನ ಹೆಸರು ಒತ್ತಿದೆ. ಪಾಸ್‌ವರ್ಡ್ ಕೇಳುತ್ತದೆ ಎಂದುಕೊಂಡಿದ್ದೆ. ಕೇಳಲಿಲ್ಲ, ಸೀದಾ ತೆರೆದುಕೊಂಡಿತು. ಬಾಗಿಲಿಗೆ ಚಿಲಕವೇ ಇರಲಿಲ್ಲ. ನಾವೇ ಇಷ್ಟು ದಿನ ಹೊರಗೆ ನಿಂತಿದ್ದೆವು.

ಸಿಡಿ ಓಡಿತು, ಕಂಪ್ಯೂಟರಿಗೆ ಮಶಿನ್ನಿನ ಗುರುತು ಸಿಕ್ಕಿತು. ಬಂಡೆಗಳು ಒಂದರ ಕೆಳಗೊಂದು ಸಾಲಾಗಿ ಬಂದವು. ದಾಮಣ್ಣ ಉಸಿರು ಬಿಟ್ಟದ್ದು ಅಡುಗೆಮನೆಗೆ ಕೇಳಿಸಿರಬೇಕು. ಮರುಕ್ಷಣವೇ ಬಂದು ನನಗೂ ಸ್ಕ್ರೀನಿಗೂ ನಡುವೆ ನಿಂತ.

"ವೈನಿ, ಇದು ಇನ್ನು ಯಾರ್‍ಯಾರಿಗೆ ಕಾಣ್ತದೆ?"

ಈ ಜಾಗಗಳನ್ನು ಅವನು ತನ್ನ ಸ್ವಂತ ತಮ್ಮನಿಗೂ ಹೇಳಿಲ್ಲವಂತೆ. "ನಿಮ್ಮನೆಯವ್ರಿಗೂ ಕಾಣೂದು ಬ್ಯಾಡ. ದೋಸ್ತ ಹೌದು, ಆದ್ರೆ ಚಾ ಅಂಗಡಿಗೆ ಹೋದ್ರೆ ಅವ್ನ ಬಾಯಿ ನಿಲ್ಲೂದಿಲ್ಲ."

ನಾನು ಇಲ್ಲ ಎನ್ನಲಿಲ್ಲ. (ಇಷ್ಟು ವರ್ಷ ಸಂಸಾರ ಮಾಡಿದ್ದೇನೆ.) ದೇವರ ಹೆಸರಿನಲ್ಲೇ ಇಟ್ಟು, ಅತ್ತೆಯನ್ನು ಕೇಳಿ ಒಂದು ಪಾಸ್‌ವರ್ಡ್ ಹಾಕಿದೆ. ಅತ್ತೆಗೆ ಗೊತ್ತು, ನನಗೆ ಗೊತ್ತು, ಮೇಲಿನವನಿಗೆ ಹೇಗೂ ಗೊತ್ತು.

ಮರುದಿನ ದಾಮಣ್ಣ ರಿಪೇರಿಯಾದ ಮಶಿನ್ನು ತಂದ. ಬಂಡೆಗಳನ್ನೆಲ್ಲ ಅದಕ್ಕೆ ವಾಪಸು ತುಂಬಿ ಕಳಿಸಿದೆ. ಬೋಟು ಹೊರಟಿತು, ಬಲೆ ಹರಿಯದೆ ಬಂತು. ಇದಕ್ಕಿಂತ ಇನ್ನೇನು ಕೃಪೆ ಬೇಕು?

ಡ್ಯೂಟಿ ಮುಗಿಸಿ ಬಂದ ಗಂಡ ಚಾ ಕುಡಿಯುತ್ತಾ ಕೇಳಿದರು: "ದಾಮು ಎಂತಾ ಇಟ್ಟು ಹೋಗಿದ್ದಾನೆ? ತೋರ್ಸು ನೋಡ್ವಾ."

"ನಿಮಗೆ ಪರ್ಮಿಷನ್ ಇಲ್ಲ" ಎಂದೆ.

ಮದುವೆಯಾದ ಮೇಲೆ ಗಂಡನಿಗೆ ಈ ಮಾತು ಹೇಳುವ ಭಾಗ್ಯ ನಿಮ್ಮಲ್ಲಿ ಎಷ್ಟು ಜನಕ್ಕೆ ಸಿಕ್ಕಿದೆ, ಹೇಳಿ?