ಬಣ್ಣಪ್ಪನ ಬಟಾಣಿ ಸೂಪು

ಮೊದಲ ಸಲ ನೋಡಿದಾಗ ಅವರನ್ನು ನನ್ನ ಅಭಿಮಾನಿ ಎಂದುಕೊಂಡಿದ್ದೆ. ಬೆಳಗಿನ ಹೊತ್ತು ಎದುರು ಫುಟ್‌ಪಾತಿನಲ್ಲಿ ನಿಂತು, ಒಂದು ಕಣ್ಣು ಮುಚ್ಚಿ, ತಲೆ ವಾಲಿಸಿ, ನನ್ನ ಮನೆಯನ್ನೇ ತದೇಕಚಿತ್ತದಿಂದ ನೋಡುವ ಮನುಷ್ಯನನ್ನು ಕಂಡರೆ, ವಾರಪತ್ರಿಕೆಯಲ್ಲಿ ಆಗೊಮ್ಮೆ ಈಗೊಮ್ಮೆ ಹೆಸರು ಅಚ್ಚಾಗುವ ಯಾರಿಗಾದರೂ ಹಾಗೆ ಅನ್ನಿಸೀತು. ಮರುದಿನವೂ ಬಂದು ನಿಂತರು. ಪಾಪ, ಸಂಕೋಚದ ಮನುಷ್ಯ, ನಾವೇ ಅನುಕೂಲ ಮಾಡಿಕೊಡಬೇಕು ಎಂದು ತಲೆ ಬಾಚಿಕೊಂಡು, ಇಸ್ತ್ರಿ ಅಂಗಿ ತೊಟ್ಟು, ಜೇಬಿಗೆ ಪೆನ್ನು ಸಿಕ್ಕಿಸಿ, ಆಕಸ್ಮಿಕವಾಗಿ ಬಂದವನಂತೆ ಬಾಗಿಲಲ್ಲಿ ನಿಂತೆ.

"ಸ್ವಲ್ಪ ಆ ಕಡೆ ಸರೀತೀರಾ ಸಾರ್?" ಎಂದರು. "ಗೋಡೆಗೆ ಅಡ್ಡ ಆಗ್ತಿದೀರಿ."

ಸರಿದೆ.

ಅವರು ಬೀದಿ ತಿರುವಿನ ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವವರು. ನಮ್ಮ ಮನೆ ಮಾಲೀಕರು ಕಿಟಕಿಯ ಪಕ್ಕ ಬಣ್ಣ ಉದುರಿದ ಜಾಗಕ್ಕೆ ಅವರ ಅಂಗಡಿಯದನ್ನು ಹಚ್ಚಿಸಿದ್ದರು. ಅದು ಹೊಂದದೆ ಗೋಡೆಗೆ ಬ್ಯಾಂಡೇಜು ಸುತ್ತಿದಂತೆ ಕಾಣುತ್ತಿತ್ತು. ಎಳೆ ಬಿಸಿಲಿನಲ್ಲಿ ಆ ತೇಪೆ ಎಷ್ಟು ಎದ್ದು ಕಾಣುತ್ತದೆ ಎಂದು ಪರೀಕ್ಷಿಸುವುದಕ್ಕೆ ಅವರು ಬರುತ್ತಿದ್ದದ್ದು. ನಾನು ಬರೆಯುವವನು ಎಂಬ ವಿಷಯ ಅವರಿಗೆ ಇಂದಿಗೂ ತಿಳಿದಿಲ್ಲ. ನಾಲ್ಕಾರು ಸಲ ತಿಳಿಸಿದ್ದೇನೆ.

ಬೀದಿಯವರಿಗೆಲ್ಲ ಅವರು ಬಣ್ಣಪ್ಪ. ಯಾರೋ ಒಡೆದ ಹೂಜಿಯ ಚೂರು ತರುತ್ತಾರೆ, ಯಾರೋ ಕೋಟಿನ ಗುಂಡಿ, ಒಬ್ಬ ಗೃಹಿಣಿಯಂತೂ ಬೆಕ್ಕನ್ನೇ ಎತ್ತಿಕೊಂಡು ಬಂದಿದ್ದರಂತೆ. ಮಲಗುವ ಕೋಣೆಗೆ ಅದರ ಹೊಟ್ಟೆಯ ಬಣ್ಣವೇ ಬೇಕು ಎಂದು. ಬಣ್ಣಪ್ಪ ಬಿಳಿಯ ಡಬ್ಬಕ್ಕೆ ಒಂದಿಷ್ಟು ಹಳದಿ, ಒಂದು ಹನಿ ಕಪ್ಪು ಬಿಡುತ್ತಾರೆ, ಕಲಕುತ್ತಾರೆ, ಬೆರಳಿನಿಂದ ಒಂದು ರಟ್ಟಿನ ಚೀಟಿಗೆ ಸವರುತ್ತಾರೆ. ಆಮೇಲೆ ತಲೆ ಒಣಗಿಸುವ ಯಂತ್ರವನ್ನು ಅದರ ಮೇಲೆ ಹಿಡಿದು, ಒಣಗಿದ ಮೇಲಷ್ಟೇ ತೀರ್ಪು ಕೊಡುತ್ತಾರೆ. "ಹಸಿ ಬಣ್ಣ ಸುಳ್ಳು ಹೇಳುತ್ತೆ ಸಾರ್. ಒಣಗಿದ ಮೇಲೆ ನೋಡಿ ಅದರ ನಿಜ ಬಣ್ಣ." ಮನುಷ್ಯರ ವಿಷಯದಲ್ಲೂ ಅವರದು ಇದೇ ಅಭಿಪ್ರಾಯವಿರಬೇಕು. ಹೊಸದಾಗಿ ಪರಿಚಯವಾದವರನ್ನು ಕೆಲವು ತಿಂಗಳು ಬಿಟ್ಟೇ ಮಾತಾಡಿಸುತ್ತಾರೆ.

ಹಿಂದಿನ ಬೀದಿಯ ಕೆಳ ಅಂತಸ್ತಿನ ಎರಡು ಕೋಣೆಯ ಮನೆಯಲ್ಲಿ ಅವರು ಮತ್ತು ಅವರ ಅಕ್ಕ. ಅಕ್ಕ ಹೆಣ್ಣುಮಕ್ಕಳ ಶಾಲೆಯಲ್ಲಿ ಆಟದ ಮೇಡಂ ಆಗಿದ್ದು ನಿವೃತ್ತರಾದವರು. ತಾಯಿಯಿಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವರು, ಬೆಳೆದ ಮೇಲೂ ಇಳಿಸಲು ಮರೆತವರು. ಅಡುಗೆಮನೆಯ ಹೊಸ್ತಿಲು ದಾಟಲು ತಮ್ಮನಿಗೆ ಅಪ್ಪಣೆ ಇರಲಿಲ್ಲ. "ನಿನ್ನ ಕೈ ಟರ್ಪೆಂಟೈನ್ ನಾರುತ್ತೆ. ತಟ್ಟೆ ಮುಂದೆ ಕೂತ್ಕೊ, ಅಷ್ಟು ಸಾಕು." ಐವತ್ತು ದಾಟಿದ ಬಣ್ಣಪ್ಪ ಹಾಗೆಯೇ ಕೂರುತ್ತಿದ್ದರು.

ಇಂಥ ಅಕ್ಕ ಒಂದು ದಿನ ಬೀರುವಿನ ತಲೆಯ ಮೇಲಿನ ಧೂಳು ಒರೆಸಲು ಸ್ಟೂಲು ಹತ್ತಿ, ಜಾರಿ, ಬೀರುವಿನ ಅಂಚಿಗೆ ಗದ್ದ ಬಡಿದುಕೊಂಡರು. ದವಡೆ ಬಿರುಕು ಬಿಟ್ಟಿತು. ಡಾಕ್ಟರು ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು, ಕೂಡುವ ತನಕ ಬಾಯಿ ತೆರೆಯುವಂತಿಲ್ಲ, ಏನಿದ್ದರೂ ಸ್ಟ್ರಾನಲ್ಲಿ ಹೀರುವುದು ಎಂದರು. ಅಕ್ಕ ಹೆದರಲಿಲ್ಲ. ಜನ ಸಿಟ್ಟು ಬಂದಾಗ ಮಾತ್ರ ಹಲ್ಲು ಕಚ್ಚಿಕೊಂಡು ಮಾತಾಡುತ್ತಾರೆ. ಅವರು ದಿನವಿಡೀ ಹಾಗೇ ಮಾತಾಡಿದರು. ಕೇಳುವವರಿಗೆ ವ್ಯತ್ಯಾಸವೇನೂ ಗೊತ್ತಾಗಲಿಲ್ಲ.

ಆದರೆ ಆಹಾರ ಸೇರಲಿಲ್ಲ. ಹಾಲನ್ನು ದೂಡಿದರು. ಗ್ಲೂಕೋಸ್ ನೀರನ್ನು ದೂಡಿದರು. ಬಣ್ಣಪ್ಪ ಪೊಟ್ಟಣದ ಸೂಪನ್ನು ಹೋಟೆಲಿನ ಬಿಸಿನೀರಿಗೆ ಕಲಕಿ ತಂದರೆ, ಲೋಟದೊಳಗೆ ಇಣುಕಿ, "ಇದು ಗೋಡೆ ಬಿರುಕಿಗೆ ಮೆತ್ತೋದಲ್ವೇನೋ? ಬಣ್ಣ ನೋಡಿದ್ರೇ ಹೊಟ್ಟೆ ತೊಳಸುತ್ತೆ" ಎಂದು ಮುಖ ತಿರುಗಿಸಿದರು. ಕೆನ್ನೆ ಒಳಗೆ ಸೇರಿತು. ಬಳೆ ಮೊಣಕೈವರೆಗೆ ಜಾರತೊಡಗಿತು. ಡಾಕ್ಟರು ತೂಕದ ಯಂತ್ರದ ಮೇಲೆ ನಿಲ್ಲಿಸಿ ನೋಡಿ, "ಬರೋ ವಾರ ಇನ್ನೂ ಇಳಿದಿದ್ರೆ ಅಡ್ಮಿಟ್ ಮಾಡ್ತೀನಿ. ಮೂಗಿನಿಂದ ನಳಿಗೆ ಇಳಿಸಿ ಊಟ ಕೊಡ್ಬೇಕಾಗುತ್ತೆ" ಎಂದರು. ಆಸ್ಪತ್ರೆಗೆ ರೋಗಿಗಳನ್ನು ನೋಡಲು ಹೋದರೂ ಕುರ್ಚಿಯಲ್ಲಿ ಕೂರದೆ ನಿಂತೇ ಮಾತಾಡಿಸಿ ಬರುತ್ತಿದ್ದ ಅಕ್ಕ, ಅಂದು ಡಾಕ್ಟರ ಎದುರಿನ ಕುರ್ಚಿಯಲ್ಲಿ ಕೂತುಬಿಟ್ಟರು. ತಮ್ಮನೇ ಕೈಹಿಡಿದು ಎಬ್ಬಿಸಬೇಕಾಯಿತು.

ಮನೆಗೆ ಬರುವ ದಾರಿಯಲ್ಲಿ ತರಕಾರಿ ಗಾಡಿ ನಿಂತಿತ್ತು. ಅಕ್ಕ ಅದರತ್ತ ನೋಡಿ, "ಎಳೇ ಬಟಾಣಿ ಬಂದಿದೆ" ಎಂದರು. ಅಷ್ಟೇ. ಬಣ್ಣಪ್ಪ ಇಡೀ ಒಂದು ಚೀಲ ಕೊಂಡರು.

ಅಂಗಡಿಗೆ ರಜೆ ಹಾಕಿದರು. ಕೈಯನ್ನು ಸೋಪು, ನಿಂಬೆಹಣ್ಣು, ಮತ್ತೆ ಸೋಪು ಎಂದು ತಿಕ್ಕಿ, ಹುಟ್ಟಿದಾಗಿನಿಂದ ದಾಟದ ಹೊಸ್ತಿಲು ದಾಟಿದರು. ಮೊದಲ ಪಾತ್ರೆ ಕುದ್ದೂ ಕುದ್ದೂ ಹಳೇ ಬಾವಿಯ ನೀರಿನಂತಾಯಿತು. ಅದು ಸರಿ, ಎಲ್ಲರಿಗೂ ಆಗುವಂಥದ್ದೇ. ವಿಚಿತ್ರ ಶುರುವಾದದ್ದು ಎರಡನೆಯದರಿಂದ. ಅದು ಹಸಿರಾಗಿಯೇ ಬಂದಿತ್ತು. ನಾನೇ ಕಣ್ಣಾರೆ ಕಂಡೆ, ಏಕೆಂದರೆ ಅದು ಮುಚ್ಚಳ ಹಾಕಿಸಿಕೊಂಡು ನಮ್ಮ ಮನೆಗೆ ಬಂತು.

"ಇದು ಫೇಲ್ ಸಾರ್. ಚೆಲ್ಲೋಕೆ ಮನಸ್ಸು ಬರಲಿಲ್ಲ. ನೀವು ಕುಡೀರಿ."

ಕುಡಿದೆ. ಸೊಗಸಾಗಿತ್ತು. ಸಂಜೆ ಇನ್ನೊಂದು ಬಂತು, ಮರುದಿನ ಮತ್ತೊಂದು. ಎಲ್ಲವೂ ಫೇಲ್, ಎಲ್ಲವೂ ಸೊಗಸು. "ಯಾಕ್ರೀ ಫೇಲು?" ಎಂದರೆ, "ಬಣ್ಣ ನಿಲ್ತಾ ಇಲ್ಲ ಸಾರ್. ಅಕ್ಕನಿಗೆ ಬಣ್ಣ ಮುಖ್ಯ" ಎಂದು ನಿಟ್ಟುಸಿರು ಬಿಟ್ಟು ಹೋಗುತ್ತಿದ್ದರು. ಅತ್ತ ಅಕ್ಕನ ತೂಕ ಇಳಿಯುತ್ತಿತ್ತು, ಇತ್ತ ನನ್ನದು ಏರುತ್ತಿತ್ತು. ಹೀಗೇ ಬಿಟ್ಟರೆ ಡಾಕ್ಟರು ನಮ್ಮಿಬ್ಬರನ್ನೂ ಅಡ್ಮಿಟ್ ಮಾಡಬೇಕಾಗುತ್ತದೆ ಎನ್ನಿಸಿ, ಖಾಲಿ ಪಾತ್ರೆಗಳನ್ನು ಒಂದರೊಳಗೊಂದು ಇಟ್ಟುಕೊಂಡು ಅವರ ಮನೆಗೇ ಹೋದೆ.

ಅಡುಗೆಮನೆಯಲ್ಲಿ ಬಣ್ಣಪ್ಪ ಬೆವರು ಹರಿಸುತ್ತಿದ್ದರು. ಕೆಲಸ ಮಾತ್ರ ಈಗ ಕೈಗೆ ಹತ್ತಿತ್ತು. ಬೆಣ್ಣೆಯಲ್ಲಿ ಈರುಳ್ಳಿ ಕೆಂಪಾಗುವ ಮುನ್ನವೇ ಬಟಾಣಿ ಸುರಿದರು, ಮುಳುಗುವಷ್ಟೇ ಬಿಸಿನೀರು ಹೊಯ್ದರು, ಮುಚ್ಚಳ ಮುಚ್ಚದೆ ಎರಡು ಕುದಿ ಬರಿಸಿದರು, ಕಾಳು ಬೆರಳಿಗೆ ಮೆತ್ತಗಾದದ್ದೇ ಇಳಿಸಿ ಮಿಕ್ಸಿಗೆ ಹಾಕಿ ಗರ್ರೆನ್ನಿಸಿದರು. ಉಪ್ಪು, ಮೆಣಸಿನ ಪುಡಿ. ಅಷ್ಟರಲ್ಲೇ ಆಗಿಹೋಯಿತು. ಕಣ್ಣಿಗೆ ತಂಪೆರೆಯುವ ಹಸಿರು. ನಾನು ಲೋಟ ಹುಡುಕುವಷ್ಟರಲ್ಲಿ ಅವರು ಜೇಬಿನಿಂದ ರಟ್ಟಿನ ಚೀಟಿ ತೆಗೆದರು. ಬೆರಳಿನಿಂದ ಸೂಪನ್ನು ಅದಕ್ಕೆ ಸವರಿದರು. ಕಿಟಕಿಯ ಬಳಿ, ಅಂಗಡಿಯಿಂದ ತಂದಿಟ್ಟುಕೊಂಡಿದ್ದ ತಲೆ ಒಣಗಿಸುವ ಯಂತ್ರ ಚಾಲೂ ಮಾಡಿ ಅದರ ಮೇಲೆ ಹಿಡಿದರು.

ಹಸಿರು ಮಾಸಿತು, ಕಾಕಿಯಾಯಿತು, ಅಂಚಿನಲ್ಲಿ ಕಂದು ಬಂತು.

"ನೋಡಿದ್ರಾ ಸಾರ್?" ಎಂದರು, ಅಳುವವರಂತೆ. "ಮತ್ತೆ ಫೇಲ್."

ನಾನು ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಬಾಯಿ ತೆರೆಯಲಾಗದವರ ಧ್ವನಿ ಕೇಳಿಸಿತು. ಯಂತ್ರದ ಸದ್ದಿಗೆ ಅಕ್ಕ ಗೋಡೆ ಹಿಡಿದು ಎದ್ದು ಬಂದಿದ್ದರು.

"ಏನೋ ಅದು?"

"ಬಣ್ಣ ನೋಡ್ತಾ ಇದೀನಿ ಅಕ್ಕ. ಒಣಗಿದ ಮೇಲೆ..."

"ಒಣಗಿಸಿ?"

"ಹೌದು."

"ನಾನೇನು ಗೋಡೆನೇನೋ?" ಹಲ್ಲಿನ ಸಂದಿಯಿಂದ ಬಂದ ಆ ಮಾತು ಆಟದ ಮೈದಾನದ ಆಚೆ ತುದಿಗೂ ಕೇಳಿಸುವಂತಿತ್ತು. "ನಂಗೆ ಎರಡು ಕೋಟ್ ಹೊಡೆದು ಒಣಗಿಸ್ತೀಯಾ? ಇಷ್ಟು ದಿನದಿಂದ ಘಮ ಘಮ ಅನ್ನಿಸಿ ಮುಂದಿನ ಬೀದಿಗೆ ಸಾಗಿಸ್ತಾ ಇದೀಯಲ್ಲೋ, ಇದಕ್ಕೇನಾ? ಹಸಿಯಾಗಿದ್ದಾಗಲೇ ಕೊಡೋ ಕತ್ತೆ!"

ಬಣ್ಣಪ್ಪ ಕೈಲಿದ್ದ ಯಂತ್ರವನ್ನು ನೋಡಿದರು, ಚೀಟಿಯನ್ನು ನೋಡಿದರು, ಪಾತ್ರೆಯನ್ನು ನೋಡಿದರು. ಮೂವತ್ತು ವರ್ಷ ನಂಬಿದ ಸತ್ಯವೊಂದು ಅಡುಗೆಮನೆಯಲ್ಲಿ ನಡೆಯುವುದಿಲ್ಲ ಎಂದು ಅರಗಿಸಿಕೊಳ್ಳಲು ಅವರಿಗೆ ಕೊಂಚ ಸಮಯ ಬೇಕಾಯಿತು. ಆಮೇಲೆ ಲೋಟ ತುಂಬಿಸಿ, ಸ್ಟ್ರಾ ಇಟ್ಟು ಅಕ್ಕನ ಕೈಗೆ ಕೊಟ್ಟರು.

ಅಕ್ಕ ಹೀರಿದರು. ಕೆನ್ನೆ ಒಳಕ್ಕೆ ಹೋಯಿತು. ಸೂಪು ಮೇಲಕ್ಕೆ ಬರಲಿಲ್ಲ. ಮತ್ತೆ ಹೀರಿದರು. ಸ್ಟ್ರಾನಲ್ಲಿ ಬಟಾಣಿಯ ಸಿಪ್ಪೆ ಕಚ್ಚಿಕೊಂಡಿತ್ತು. ಅಕ್ಕನ ಕಣ್ಣಿನಲ್ಲಿ ನೀರು ತುಂಬಿದ್ದನ್ನು ನಾನು ಅಂದೇ ನೋಡಿದ್ದು. "ಬಿಡು" ಎಂದು ಲೋಟ ಕೆಳಗಿಟ್ಟರು. "ನಳಿಗೇನೇ ಹಾಕಲಿ."

"ಬಿಡೋ ಮಾತೇ ಇಲ್ಲ" ಎಂದರು ಬಣ್ಣಪ್ಪ. ಅಕ್ಕನಿಗೆ ಅವರು ಎದುರಾಡಿದ್ದೂ ಅಂದೇ ಮೊದಲಂತೆ. ಬಾಗಿಲ ಹಿಂದಿನ ಕೈಚೀಲಕ್ಕೆ ಧಾವಿಸಿ, ಬಣ್ಣದ ಗರಣೆ ಸೋಸಲು ಅಂಗಡಿಯಲ್ಲಿ ಬಳಸುವ ನೈಲಾನ್ ಬಲೆಯ ಜರಡಿ ತಂದರು. "ಹೊಸದು ಅಕ್ಕ, ನಿನ್ನಾಣೆ, ಈಗ ಪ್ಯಾಕೆಟ್ ಒಡೀತಾ ಇದೀನಿ ನೋಡು." ಕುದಿನೀರಿನಲ್ಲಿ ಅದ್ದಿ ತೆಗೆದು ಲೋಟದ ಮೇಲೆ ಹಿಡಿದು ಸೂಪು ಸುರಿದರು. ಸಿಪ್ಪೆಯೆಲ್ಲ ಬಲೆಯಲ್ಲಿ ಉಳಿಯಿತು. ಕೆಳಗೆ ರೇಷ್ಮೆಯಂಥ ಹಸಿರು ಇಳಿಯಿತು.

ಅಕ್ಕ ಹೀರಿದರು. ಸ್ಟ್ರಾ ಹಸಿರಾಯಿತು. ಲೋಟದ ಮಟ್ಟ ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ತಳದಲ್ಲಿ ಗೊರ್ ಗೊರ್ ಎಂದು ಸದ್ದಾಯಿತು. ಜಗತ್ತಿನಲ್ಲಿ ಎಷ್ಟೋ ವಿಜಯವಾದ್ಯಗಳಿವೆ. ಇಷ್ಟು ಇಂಪಾದದ್ದನ್ನು ನಾನು ಕೇಳಿಲ್ಲ. ಅಕ್ಕ ಲೋಟವನ್ನು ತಮ್ಮನತ್ತ ಚಾಚಿ ಹಲ್ಲಿನ ನಡುವೆ ಒಂದೇ ಮಾತು ಹೇಳಿದರು: "ಇನ್ನೊಂದು."

ಅಂದಿನಿಂದ ಬೆಳಿಗ್ಗೆ ಸೂಪು, ಮಧ್ಯಾಹ್ನ ಸೂಪು, ಸಂಜೆ ಕೆನೆ ಸೇರಿಸಿದ ಸೂಪು. ತೂಕದ ದಿನ ಬಣ್ಣಪ್ಪ ನನ್ನನ್ನೂ ಕರೆದೊಯ್ದರು. ಅಕ್ಕ ಪದಕ ತೆಗೆದುಕೊಳ್ಳುವವರಂತೆ ಎದೆ ಸೆಟೆಸಿ ಯಂತ್ರ ಹತ್ತಿದರು. ಮುಳ್ಳು ತೂಗಾಡಿತು, ಹಿಂದಿನ ವಾರದ ಗೆರೆ ದಾಟಿ ಆಚೆ ಹೋಗಿ ನಿಂತಿತು. ಡಾಕ್ಟರು ಕನ್ನಡಕ ಒರೆಸಿ ಮತ್ತೆ ನೋಡಿದರು. "ನಳಿಗೆ ಬೇಡ ಬಿಡಿ." ಬಣ್ಣಪ್ಪ ಅಲ್ಲೇ, ಹಲ್ಲು ನೋವಿನಿಂದ ಕೆನ್ನೆ ಹಿಡಿದು ಕೂತಿದ್ದವರ ಮಧ್ಯೆ, ಎರಡೂ ಕೈ ಮೇಲೆತ್ತಿ "ಹೋ!" ಎಂದು ಕೂಗಿದರು. ನರ್ಸಮ್ಮ ಗದರಿದರು. ಅಕ್ಕ ಗದರಲಿಲ್ಲ.

ತಂತಿ ಬಿಚ್ಚಿದ ದಿನ ಅಕ್ಕ ಬಾಯಿ ತುಂಬ ತೆರೆದು ಆಡಿದ ಮೊದಲ ಮಾತು, "ಉಪ್ಪು ಮೊದಲಿಂದ್ಲೂ ಕಮ್ಮಿ ಕಣೋ." ಎರಡನೆಯದು, "ಇನ್ಮೇಲೆ ಭಾನುವಾರದ ಅಡುಗೆ ನಿಂದು." ಆ ಮನೆಯಲ್ಲಿ ಎರಡನೆಯದು ಸಿಂಹಾಸನ ಬಿಟ್ಟುಕೊಟ್ಟಂತೆ. ಪೇಂಟ್ ಅಂಗಡಿಗೆ ಬಣ್ಣ ಕೇಳಲು ಬಂದವರಿಗೆಲ್ಲ ಬಣ್ಣಪ್ಪ ಈಗ ಸೂಪಿನ ವಿಧಾನವನ್ನೂ ಹೇಳಿ ಕಳಿಸುತ್ತಾರೆ.

ಮೊದಲ ಭಾನುವಾರ ನನಗೂ ಕರೆ ಬಂತು. ಅಕ್ಕ ಕುರ್ಚಿಯಲ್ಲಿ ಕೂತು ಅಪ್ಪಣೆ ಕೊಡುತ್ತಿದ್ದರು, ಬಣ್ಣಪ್ಪ ಕೇಳಿಸಿಕೊಳ್ಳದೆ ತಮ್ಮಿಷ್ಟದಂತೆ ಮಾಡುತ್ತಿದ್ದರು. ನಾನು ತುಂಬಿದ ಲೋಟವನ್ನು ಕಿಟಕಿಯ ಬೆಳಕಿಗೆ ಎತ್ತಿ ಹಿಡಿದು, ಬರೆಯುವವನಿಗೆ ತಕ್ಕ ಗಾಂಭೀರ್ಯದಿಂದ ಕೇಳಿದೆ: "ನಿಮ್ಮ ಅಂಗಡಿಯಲ್ಲಿ ಪ್ರತಿ ಬಣ್ಣಕ್ಕೂ ಒಂದೊಂದು ಚೆಂದದ ಹೆಸರಿರುತ್ತಲ್ಲ, ಮುಂಜಾವಿನ ಮೌನ, ಹಿಮದ ಹಂಬಲ ಅಂತ. ಈ ಹಸಿರಿಗೆ ನೀವು ಏನಂತ ಹೆಸರಿಡ್ತೀರಿ?"

ಬಣ್ಣಪ್ಪ ಸೌಟು ಕೆಳಗಿಟ್ಟು ನನ್ನನ್ನೊಮ್ಮೆ ನೋಡಿದರು.

"ಬಟಾಣಿ ಸೂಪು. ಆರೋದ್ರೊಳಗೆ ಕುಡಿದು ಲೋಟ ತೊಳೆದಿಡಿ."